ನಮ್ಮ ಹುಡುಗರು ಎತ್ತುತ್ತಾರೆ

ಮುಂಬಯಿಯಲ್ಲಿ ಕನ್ನಡದ ವಿಚಾರ ಸಂಕಿರಣ ನಡೆಸುವವರು, ಅಂಗವೈಕಲ್ಯ ಇರುವವರಿಗೆ ಜಾಗ ಅನುಕೂಲವೇ ಎಂದು ನೋಡಲು ನನ್ನನ್ನು ಕರೆಯುವುದು ಸಭಾಂಗಣಕ್ಕೆ ಮುಂಗಡ ಕೊಟ್ಟ ಮೇಲೆ. ಬಾಗಿಲಲ್ಲಿ ನಿಂತು ನಾನು ಮೆಟ್ಟಿಲು ಎಣಿಸುವುದನ್ನು ಕಂಡ ಕೂಡಲೇ ಕಾರ್ಯದರ್ಶಿಗಳ ಬಾಯಲ್ಲಿ ಒಂದೇ ಮಾತು: ‘ಅದರ ಚಿಂತೆ ಬಿಡಿ ಡಾಕ್ಟರೇ, ನಮ್ಮ ಹುಡುಗರಿದ್ದಾರೆ, ಕುರ್ಚಿ ಸಮೇತ ಎತ್ತುತ್ತಾರೆ.’ (ನಾನು ಡಾಕ್ಟರಲ್ಲ, ಆಕ್ಯುಪೇಷನಲ್ ಥೆರಪಿಸ್ಟ್; ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ಜನರಿಗೆ ನೆರವಾಗುವವಳು/ವವನು ಎನ್ನುವ ಬದಲು ನೆರವಾಗುವ ವೃತ್ತಿ ನನ್ನದು. ಅದನ್ನು ಹೇಳಿ ಹೇಳಿ ಸೋತಿದ್ದೇನೆ.)

ಮಾತಿನಲ್ಲಿ ಕಪಟವಿಲ್ಲ. ಹುಡುಗರೂ ಒಳ್ಳೆಯವರೇ, ಹಿಂದಿನ ರಾತ್ರಿಯಿಂದ ಕುರ್ಚಿ ಜೋಡಿಸಿ ದಣಿದವರು. ಆದರೆ ಎತ್ತಿಸಿಕೊಳ್ಳುವವರ ಪಾಡು ನೋಡಬೇಕು. ಒಮ್ಮೆ ಮಾಟುಂಗಾದ ಕಾರ್ಯಕ್ರಮವೊಂದಕ್ಕೆ ನಿವೃತ್ತ ಶಿಕ್ಷಕಿಯೊಬ್ಬರು ಇಳಕಲ್ ಸೀರೆಯುಟ್ಟು ಗಾಲಿಕುರ್ಚಿಯಲ್ಲಿ ಬಂದರು. ನಾಲ್ವರು ನಾಲ್ಕು ಮೂಲೆ ಹಿಡಿದರು. ಒಬ್ಬ ಹಿಡಿದದ್ದು ತೋಳಾಸರೆಯನ್ನು. ಅದು ಕಳಚುವ ಮಾದರಿಯದು, ಕೈಗೇ ಬಂತು. ಕುರ್ಚಿ ವಾಲಿತು, ಸೆರಗು ಚಕ್ರಕ್ಕೆ ಸಿಕ್ಕಿತು, ಹೇಗೋ ಮೇಲೆ ಮುಟ್ಟಿಸಿದರು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಆಕೆ ಸಂಜೆಯವರೆಗೆ ಹನಿ ನೀರು ಮುಟ್ಟಲಿಲ್ಲ. ಏಕೆಂದು ಕೇಳಿದೆ. ‘ಕುಡಿದರೆ ಮತ್ತೆ ಹುಡುಗರನ್ನು ಕರೆಯಬೇಕಲ್ಲ’ ಎಂದರು. ಶೌಚಾಲಯ ಕೆಳಗಿತ್ತು.

ಅಂದಿನಿಂದ ನನ್ನ ಚೀಲದಲ್ಲಿ ಅಳತೆಪಟ್ಟಿ ಇರುತ್ತದೆ. ಇಳಿಜಾರಿನ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಾರು ಇಂಚಿನ ಮೂರು ಮೆಟ್ಟಿಲು ಎಂದರೆ 18 ಅಡಿಯ ಇಳಿಜಾರು ಬೇಕು. ನಮ್ಮವರು ತರುವುದು ಟೆಂಪೋಗೆ ಸಾಮಾನು ಏರಿಸುವ ಆರು ಅಡಿಯ ಹಲಗೆ. ಅದರ ಮೇಲೆ ಅಕ್ಕಿ ಮೂಟೆ ಹೋದೀತು, ಮನುಷ್ಯರು ಹೋಗಬಾರದು. ಶೌಚಾಲಯದ ಬಾಗಿಲು ಹಳೆಯ ಕಟ್ಟಡಗಳಲ್ಲಿ ಎಷ್ಟೋ ಸಲ 24 ಇಂಚು ಇರುತ್ತದೆ, ಸಾಮಾನ್ಯ ಗಾಲಿಕುರ್ಚಿಯೇ 25-26 ಇಂಚು ಅಗಲ. ಆಮಂತ್ರಣದಲ್ಲಿ ‘ವಿಶೇಷ ವ್ಯವಸ್ಥೆ ಇದೆ’ ಎಂದು ಅಚ್ಚು ಹಾಕಿಸುವ ಬದಲು ಈ ಅಳತೆಗಳನ್ನೇ, ಬಾಗಿಲಿನ ಫೋಟೊ ಸಮೇತ, ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ. ಬಾಗಿಲು ಕಿರಿದಾಗಿದ್ದರೂ ಸರಿ, ಕಳುಹಿಸಿ. ಬರಬೇಕೋ ಬೇಡವೋ ಎಂದು ಅವರೇ ತೀರ್ಮಾನಿಸುತ್ತಾರೆ. ಬಂದ ಮೇಲೆ ಗೊತ್ತಾಗುವುದೇ ಎಲ್ಲಕ್ಕಿಂತ ದೊಡ್ಡ ಮೆಟ್ಟಿಲು.

ಈ ಮಾತು ಗಾಲಿಕುರ್ಚಿಗಿಂತ ಹೆಚ್ಚು ಅನ್ವಯಿಸುವುದು ಕಣ್ಣಿಗೆ ಕಾಣದ ತೊಂದರೆ ಇರುವವರಿಗೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲಿಸುವುದು ಕಷ್ಟವಾಗುವ ಸ್ಥಿತಿ), ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇರುವವರನ್ನು ಈಗ ಒಟ್ಟಾಗಿ ನ್ಯೂರೋಡೈವರ್ಜೆಂಟ್ ಎನ್ನುತ್ತಾರೆ; ಮಿದುಳು ಸದ್ದು, ಬೆಳಕು, ಅಕ್ಷರ, ಸಮಯಗಳನ್ನು ಹಿಡಿಯುವ ಬಗೆ ಬೇರೆ, ಅಷ್ಟೆ. ಅಂಗವೈಕಲ್ಯ ಇರುವವರಿಗಾಗಿ ಬಂದ 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಮಾತ್ರ ಗುರುತಿಸಿತ್ತು. 2016ರ ಹೊಸ ಕಾಯ್ದೆಯಲ್ಲಿ ಅವು 21ಕ್ಕೆ ಏರಿದವು. ಆಟಿಸಂ, ಕಲಿಕಾ ನ್ಯೂನತೆಗಳೂ ಸೇರಿದವು. ಎಡಿಎಚ್‌ಡಿ ಮಾತ್ರ ಆ ಪಟ್ಟಿಯಲ್ಲಿಲ್ಲ. ಸಾರ್ವಜನಿಕರು ಬಳಸುವ ಖಾಸಗಿ ಕಟ್ಟಡವೂ ಆ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಕಟ್ಟಡವೇ ಎಂಬುದನ್ನು ಸಭಾಂಗಣದ ಮಾಲೀಕರಿಗೆ ನಾನು ಆಗಾಗ ನೆನಪಿಸುತ್ತೇನೆ. ಅವರು ಚಹಾ ತರಿಸುತ್ತಾರೆ.

ನಮ್ಮ ಸಭೆಯೊಂದನ್ನು ಆಟಿಸಂ ಇರುವ ತರುಣನ ಮೈಯಲ್ಲಿ ಹೊಕ್ಕು ನೋಡಿ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲೇ ಅರ್ಧ ಶಕ್ತಿ ಮುಗಿದಿದೆ. ಬಾಗಿಲಲ್ಲಿ ಪನ್ನೀರು ಎರಚುತ್ತಾರೆ, ಕೈಗೆ ಅತ್ತರು ಹಚ್ಚುತ್ತಾರೆ. ಒಳಗೆ ಮೈಕ್ ಕೀರಲುತ್ತದೆ, ಮಿಣುಕುವ ಟ್ಯೂಬ್‌ಲೈಟ್ ಒಂದು ಇದ್ದೇ ಇರುತ್ತದೆ. ಇದ್ದಕ್ಕಿದ್ದಂತೆ ಹೆಸರು ಕೂಗಿ ವೇದಿಕೆಗೆ ಕರೆದು ಹಿಂದಿನಿಂದ ಶಾಲು ಹೊದಿಸುತ್ತಾರೆ. ಅವನು ಕೊಸರಿಕೊಂಡರೆ ‘ಪಾಪ, ಸಂಕೋಚ’ ಎಂದು ನಗುತ್ತಾರೆ. ಇದರಲ್ಲಿ ಯಾವುದನ್ನು ಬಿಟ್ಟರೂ ಕಾಸು ಖರ್ಚಿಲ್ಲ. ಶಾಲನ್ನು ಕೈಗೆ ಕೊಡಬಹುದು. ಸನ್ಮಾನವನ್ನು ಹಿಂದಿನ ವಾರವೇ ತಿಳಿಸಬಹುದು.

ಸಮಯದ ವಿಷಯದಲ್ಲಿ ನಾನು ಸ್ವಲ್ಪ ನಿಷ್ಠುರ. ‘ಎರಡು ಮಾತು’ ಆಡಲು ಎದ್ದವರು ನಲವತ್ತು ನಿಮಿಷ ತೆಗೆದುಕೊಂಡು ಊಟ ಎರಡೂವರೆಗೆ ಸರಿದರೆ ಉಳಿದವರಿಗೆ ಅದು ಗೊಣಗುವ ವಿಷಯ. ಗಂಟೆ ಗಂಟೆಯ ವಿವರವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದವನಿಗೆ ನಿಂತ ನೆಲವೇ ಸರಿದಂತೆ. ಮಧುಮೇಹಿಗಳ ಕಥೆ ಹೇಳಬೇಕಿಲ್ಲ. ವೇಳಾಪಟ್ಟಿ ಪಾಲಿಸುವ ನಿರೂಪಕ ಸಿಕ್ಕರೆ ಅವರೇ ಇಳಿಜಾರು ಎಂದುಕೊಳ್ಳಿ. ಹತ್ತಕ್ಕೆ ಶುರು ಮಾಡುವ ಹಟವನ್ನೂ ಬಿಡಿ. ಹನ್ನೊಂದೂವರೆಗೆ ಇಟ್ಟರೆ ರೈಲಿನ ಗರ್ದಿ ಇಳಿದಿರುತ್ತದೆ.

ಎಡವಿದ್ದೂ ಇದೆ. ಆಟಿಸಂ ಇರುವವರು ತಮ್ಮ ಸಭೆಗಳಲ್ಲಿ ರೂಢಿಗೆ ತಂದ ಬಣ್ಣದ ಬಿಲ್ಲೆಗಳ ಉಪಾಯವೊಂದಿದೆ. ಹಸಿರು ತೊಟ್ಟವರನ್ನು ಮಾತನಾಡಿಸಬಹುದು. ಹಳದಿಯವರನ್ನು ಪರಿಚಯವಿದ್ದರೆ ಮಾತ್ರ. ಕೆಂಪು ತೊಟ್ಟವರನ್ನು ಅವರಾಗಿ ಮಾತನಾಡುವವರೆಗೆ ಬಿಟ್ಟುಬಿಡಬೇಕು. ಉತ್ಸಾಹದಿಂದ ಬಿಲ್ಲೆ ಮಾಡಿಸಿದೆ. ಕಾರ್ಯಕ್ರಮ ನವೆಂಬರಿನಲ್ಲಿ. ಬಾಗಿಲಲ್ಲೇ ಸ್ವಯಂಸೇವಕರು ಬಂದ ಬಂದವರ ಎದೆಗೆಲ್ಲ ಹಳದಿ-ಕೆಂಪು ರಿಬ್ಬನ್ ಚುಚ್ಚುತ್ತಿದ್ದರು! ಕನ್ನಡದ ಬಾವುಟದ ಮುಂದೆ ನನ್ನ ಬಿಲ್ಲೆಗಳು ಸೋತವು. ಈಗ ಬಣ್ಣದ ಸಹವಾಸ ಬಿಟ್ಟು ‘ಈಗ ಮಾತು ಬೇಡ’ ಎಂದು ದಪ್ಪಕ್ಷರದಲ್ಲಿ ಬರೆಸುತ್ತೇನೆ. ಬಣ್ಣಗುರುಡು ಇರುವವರಿಗೂ ಅದೇ ವಾಸಿ.

ಸದ್ದಿನಿಂದ ತಪ್ಪಿಸಿಕೊಂಡು ಹತ್ತು ನಿಮಿಷ ಕೂರಲು ಒಂದು ಶಾಂತ ಕೋಣೆ ಬೇಕು: ಮಂದ ಬೆಳಕು, ನಾಲ್ಕು ಕುರ್ಚಿ, ಒಳಗೆ ಯಾರೂ ಮಾತನಾಡಿಸಬಾರದು. ಸಾಮಾನ್ಯವಾಗಿ ಅದಕ್ಕೆ ಗ್ರೀನ್ ರೂಮ್ ಕೊಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಶಾಲು, ಹಣ್ಣಿನ ಬುಟ್ಟಿಗಳ ಜತೆ ಒಬ್ಬ ಪದಾಧಿಕಾರಿ ಮಲಗಿರುತ್ತಾರೆ. ಕೋಣೆಗೆ ಒಬ್ಬ ಕಾವಲುಗಾರರನ್ನು ನೇಮಿಸಿ.

ಕಿವಿಯ ವಿಷಯ. ‘ನನ್ನ ದನಿ ಜೋರು, ಮೈಕ್ ಬೇಡ’ ಎನ್ನುವ ಭಾಷಣಕಾರರನ್ನು ತಡೆಯಿರಿ. ಜೋರು ದನಿಯಿಂದ ಸ್ಪಷ್ಟತೆ ಬರುವುದಿಲ್ಲ, ಮತ್ತು ಶ್ರವಣ ಸಾಧನಕ್ಕೆ ಜೋಡಿಸಿದ ವ್ಯವಸ್ಥೆ ಇದ್ದರೆ ಮೈಕಿಗೆ ಬಿದ್ದ ಮಾತು ಮಾತ್ರ ಅದನ್ನು ತೊಟ್ಟವರಿಗೆ ಮುಟ್ಟುತ್ತದೆ. ಸಭಿಕರ ಪ್ರಶ್ನೆಗೂ ಮೈಕ್ ಬೇಕು. ಸಂಜ್ಞಾಭಾಷೆಗೆ ಇಬ್ಬರು ದುಭಾಷಿಗಳಿರಲಿ. ಇಪ್ಪತ್ತು-ಮೂವತ್ತು ನಿಮಿಷಕ್ಕೊಮ್ಮೆ ಬದಲಾಗದಿದ್ದರೆ ಕೈಗಿಂತ ಮೊದಲು ಮಿದುಳು ದಣಿಯುತ್ತದೆ. ಮುಂಬಯಿಯಲ್ಲಿ ನನಗೆ ಸಿಕ್ಕ ದುಭಾಷಿಗಳು ಹಿಂದಿ, ಮರಾಠಿ, ಇಂಗ್ಲಿಷ್ ಬಲ್ಲವರು. ಆದ್ದರಿಂದ ಕನ್ನಡ ಭಾಷಣವನ್ನು ಅವರ ಕಿವಿಯಲ್ಲಿ ಹಿಂದಿಗೆ ಇಳಿಸಲು ನಡುವೆ ಮತ್ತೊಬ್ಬರು ಬೇಕಾಗುತ್ತಾರೆ. ಭಾಷಣದ ಪ್ರತಿ ಎರಡು ದಿನ ಮೊದಲೇ ಸಿಕ್ಕರೆ ಕೆಲಸ ಅರ್ಧ ಹಗುರ. ‘ಸ್ಫೂರ್ತಿ ಬಂದಂತೆ ಮಾತನಾಡುವ’ ಹಿರಿಯರಿಂದ ಪ್ರತಿ ವಸೂಲು ಮಾಡುವುದು ಬೇರೆಯೇ ಸಾಹಸ.

ನೋಂದಣಿ ಅರ್ಜಿಯಲ್ಲಿ ‘ಅಂಗವೈಕಲ್ಯ ಇದೆಯೇ?’ ಎಂದು ಕೇಳಬೇಡಿ. ಬಹಳ ಮಂದಿ ‘ಇಲ್ಲ’ ಎಂದೇ ಬರೆಯುತ್ತಾರೆ. ‘ದಿನವಿಡೀ ಆರಾಮವಾಗಿ ಕೂರಲು ನಿಮಗೆ ಏನು ಬೇಕು?’ ಎಂದು ಕೇಳಿ ನೋಡಿ. ಫ್ಯಾನಿನ ಕೆಳಗೆ ಬೇಡ, ಬಾಗಿಲ ಪಕ್ಕ ಕುರ್ಚಿ ಬೇಕು, ಮಗ ಬರೀ ಮೊಸರನ್ನ ತಿನ್ನುತ್ತಾನೆ, ಹೀಗೆ ಉತ್ತರ ಬರುತ್ತವೆ. ಹೆಚ್ಚಿನವು ಹತ್ತು ನಿಮಿಷದ ಕೆಲಸ.

ಈ ಸಲ ಅದೇ ಶಿಕ್ಷಕಿಯನ್ನು ಗೋಷ್ಠಿಯ ಅಧ್ಯಕ್ಷೆಯಾಗಿ ಕರೆದಿದ್ದರು. ಕಟ್ಟಡವೇನೋ ಬೇರೆ, ನೆಲಮಹಡಿ; ಆದರೆ ವೇದಿಕೆ ಮೂರು ಅಡಿ ಎತ್ತರ. 36 ಅಡಿಯ ಇಳಿಜಾರು ಹಾಕಿದರೆ ಸಭಿಕರ ಕುರ್ಚಿಗೆ ಜಾಗವಿರಲಿಲ್ಲ. ಕೊನೆಗೆ ವೇದಿಕೆಯನ್ನೇ ಬಿಟ್ಟು ಎಲ್ಲ ಭಾಷಣಕಾರರನ್ನೂ ಕೆಳಗೆ ಸಭಿಕರ ಮಟ್ಟದಲ್ಲೇ ಕೂರಿಸಿ, ಸಭಿಕರ ಕುರ್ಚಿಗಳನ್ನು ಅರ್ಧ ವೃತ್ತಕ್ಕೆ ತಿರುಗಿಸಿದೆವು. ಗಣ್ಯರೊಬ್ಬರು ಮುಖ ಸಿಂಡರಿಸಿದರು. ಗೋಷ್ಠಿ ಮುಗಿಯುವಷ್ಟರಲ್ಲಿ ಅಧ್ಯಕ್ಷರ ಮುಂದಿದ್ದ ಎರಡೂ ನೀರಿನ ಬಾಟಲಿಗಳು ಖಾಲಿಯಾಗಿದ್ದವು.