ಸೆಕೆ ಇಳಿಯುವುದು ಮಾಡಿನಿಂದ

ಏಪ್ರಿಲ್ ತಿಂಗಳಲ್ಲಿ ಒಂದು ರಾತ್ರಿ 9 ಗಂಟೆಗೆ ಸ್ಟೂಲು ಹತ್ತಿ ನಿಮ್ಮ ಟೆರೇಸ್ ಮನೆಯ ಸೀಲಿಂಗಿಗೆ ಅಂಗೈ ಇಟ್ಟು ನೋಡಿ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ಮನೆಯಲ್ಲಿ ಅದು ಆಗಷ್ಟೇ ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಬಿಸಿಯಿತ್ತು. ಸೂರ್ಯ ಮುಳುಗಿ ಎರಡು ಗಂಟೆ ದಾಟಿತ್ತು!

ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ 23ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ. ಆಗ ಗೋಡೆಗೆ ಬೀಳುವ ಬಿಸಿಲು ಕಡಿಮೆ, ಮಾಡಿಗೆ ಬೀಳುವುದೇ ಜಾಸ್ತಿ. ಕಾಂಕ್ರೀಟು ಹಗಲಿಡೀ ಕುಡಿದ ಬಿಸಿಯನ್ನು ರಾತ್ರಿ ನಿಧಾನಕ್ಕೆ ಕೆಳಗೆ ಬಿಡುತ್ತದೆ, ಫ್ಯಾನು ಹಾಕಿದರೆ ಅದೇ ಬಿಸಿಗಾಳಿ ಮೈಮೇಲೆ. ಅಜ್ಜನ ಮನೆಯಲ್ಲಿ ಹೀಗಿರಲಿಲ್ಲ, ಅಲ್ವಾ? ಮೇಲೆ ಹಂಚು, ನಡುವೆ ಅಟ್ಟ, ಕೆಳಗೆ ಮರದ ಮುಚ್ಚಿಗೆ. ಕಾದ ಗಾಳಿ ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರುಮಾಡಿದ ಹಂಚಿನ ಕಾರ್ಖಾನೆ ನಮ್ಮೂರಿಗೆ ಮಾಡಿದ ಉಪಕಾರ ಸಣ್ಣದಲ್ಲ.

ಪೆರ್ಲದಲ್ಲಿ ಮನೆ ಕಟ್ಟಲು ಹೊರಟಿರುವ ಚಿಕ್ಕಪ್ಪನ ಮಗ ಮೊನ್ನೆ ಬಂದಿದ್ದ. "ಅಕ್ಕ, ಎಸಿ ಪಾಯಿಂಟು ಎಲ್ಲೆಲ್ಲಿ ಇಡಿಸಲಿ?" ಅಂದ. ಮೊದಲು ಪ್ಲಾನ್ ತೋರಿಸು ಎಂದೆ. ಮಲಗುವ ಕೋಣೆಗಳೆರಡೂ ಪಶ್ಚಿಮಕ್ಕೆ! ದಕ್ಷಿಣದ ಗೋಡೆಯ ಚಿಂತೆ ಬೇಡ, ಡಿಸೆಂಬರ್ ಮಧ್ಯಾಹ್ನದಲ್ಲೂ ಸೂರ್ಯ 54 ಡಿಗ್ರಿ ಎತ್ತರದಲ್ಲಿರುವುದರಿಂದ ಎರಡೂವರೆ ಅಡಿ ಸನ್‌ಶೇಡ್ ಕಿಟಕಿಗೆ ನೆರಳು ಕೊಡುತ್ತದೆ. ಪಶ್ಚಿಮದಲ್ಲಿ ಹಾಗಲ್ಲ. ಸಂಜೆ 4ರ ಬಿಸಿಲು ಓರೆಯಾಗಿ ನುಗ್ಗುತ್ತದೆ, ಎಷ್ಟು ಸನ್‌ಶೇಡ್ ಇದ್ದರೂ ಸಾಲದು. ಮೆಟ್ಟಿಲು, ಬಚ್ಚಲು, ಸ್ಟೋರ್ ರೂಮು ಆ ಕಡೆಗಿರಲಿ. ಆದರೆ ಆ ಬದಿಯನ್ನು ಪೂರ್ತಿ ಮುಚ್ಚಲೂಬಾರದು, ಯಾಕೆಂದರೆ ಹಗಲಿನ ಕಡಲ ಗಾಳಿ ಬರುವುದು ಅಲ್ಲಿಂದಲೇ, ನಮ್ಮ ಊರಿನ ತೇವದ ಸೆಕೆಯಲ್ಲಿ ಗಾಳಿ ಆಡದಿದ್ದರೆ ಬೆವರು ಆರುವುದೇ ಇಲ್ಲ. ಅಲ್ಲೊಂದು ಅಗಲದ ಜಗಲಿ, ಕಿಟಕಿಗೆ ಎದುರಾಗಿ ಪೂರ್ವದಲ್ಲೂ ಕಿಟಕಿ, ಇಷ್ಟು ಸಾಕು.

ಮಾಡಿಗೆ ಫಿಲ್ಲರ್ ಸ್ಲ್ಯಾಬ್ ಹಾಕಿಸು ಅಂತ ಹೇಳಿದ್ದೇನೆ. ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಕ್ರಮ ಅದು. ಸ್ಲ್ಯಾಬಿನ ಕೆಳಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಅಲ್ಲಿರುವ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ. ಹಾಗಾಗಿ ಕಬ್ಬಿಣದ ಚೌಕಗಳ ನಡುವೆ ಹಳೆ ಹಂಚನ್ನು ಒಂದರ ಮೇಲೊಂದರಂತೆ ಎರಡೆರಡು ಜೋಡಿಸಿ ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಸಿಮೆಂಟೂ ಉಳಿಯುತ್ತದೆ, ಎರಡು ಹಂಚಿನ ನಡುವೆ ಸಿಕ್ಕಿಕೊಂಡ ಗಾಳಿ ಬಿಸಿಯನ್ನೂ ತಡೆಯುತ್ತದೆ. ಗೊತ್ತಿರುವ ಎಂಜಿನಿಯರ್ ಮಾತ್ರ ಬೇಕೇ ಬೇಕು. ನಮ್ಮಂತೆ ಆಗಲೇ ಕಟ್ಟಿ ಆದವರು ಟೆರೇಸಿನ ಮೇಲೆ ಶೀಟು ಹಾಕಿಸಬಹುದು, ಆದರೆ ಸುತ್ತ ಗೋಡೆ ಎಬ್ಬಿಸಿ ಗಾಳಿಯ ದಾರಿ ಮುಚ್ಚಬೇಡಿ. ನಾವು ಆ ತಪ್ಪು ಮಾಡಿದ್ದೆವು, ಒಡೆಸಿದ ಮೇಲೆಯೇ ಕೆಳಗಿನ ಕೋಣೆ ತಣ್ಣಗಾದದ್ದು.

ಫ್ಯಾನಿನ ಲೆಕ್ಕವೂ ಮಾಡಿ ಕೊಟ್ಟೆ. ಹಳೆಯದಕ್ಕೆ 75 ವ್ಯಾಟ್, ಕಡಿಮೆ ಕರೆಂಟು ಎಳೆಯುವ ಹೊಸ ನಮೂನೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಹತ್ತಿರ. ದಿನಕ್ಕೆ 12 ಗಂಟೆ ತಿರುಗಿದರೆ, ಎರಡು ತಿಂಗಳಿಗೊಮ್ಮೆ ಬರುವ ನಮ್ಮ ಕರೆಂಟ್ ಬಿಲ್ಲಿನಲ್ಲಿ ಒಂದು ಫ್ಯಾನಿಗೇ 32 ಯೂನಿಟ್ ಉಳಿತಾಯ.

ನಿನ್ನೆ ಹೊಸ ಪ್ಲಾನ್ ಕಳಿಸಿದ್ದಾನೆ. ಮೆಟ್ಟಿಲು ಪಶ್ಚಿಮಕ್ಕೆ ಹೋಗಿದೆ, ಮಲಗುವ ಕೋಣೆ ಪೂರ್ವಕ್ಕೆ ಬಂದಿದೆ. ಎಸಿ ಪಾಯಿಂಟು ಚಿಕ್ಕಮ್ಮನ ಕೋಣೆಗೆ ಒಂದು ಮಾತ್ರ. ಕೆಂಪುಕಲ್ಲು ಬಂದು ಅಂಗಳದಲ್ಲಿ ಬಿದ್ದಿದೆಯಂತೆ, ಮುಂದಿನ ತಿಂಗಳು ಪಂಚಾಂಗ, ಅಂದರೆ ಅಡಿಪಾಯದ ಕೆಲಸ.