ಓದುಗರ ಪ್ರಶ್ನೆ: ನಾವು ತಗ್ಗಿಸಿಕೊಂಡರೆ ದೇವರು ದೇಶವನ್ನು ಮೇಲೆತ್ತುತ್ತಾನೆಯೇ?

ಪ್ರಶ್ನೆ: "ಜನರು ತಗ್ಗಿಸಿಕೊಂಡು ಪ್ರಾರ್ಥಿಸಿದರೆ ದೇಶವನ್ನು ಗುಣಪಡಿಸುತ್ತೇನೆ ಎಂದು ಬೈಬಲಿನ 2 ಪೂರ್ವಕಾಲವೃತ್ತಾಂತ 7:14ರಲ್ಲಿ ದೇವರು ಮಾತು ಕೊಟ್ಟಿದ್ದಾನೆ, ಅಲ್ವಾ? ನಮ್ಮ ಸಭೆಯಲ್ಲಿ ವರ್ಷಗಳಿಂದ ದೇಶಕ್ಕಾಗಿ ಉಪವಾಸ ಪ್ರಾರ್ಥನೆ ನಡೆಯುತ್ತಿದೆ. ಆದರೂ ದೇಶ ಮೇಲೆ ಬಂದಿಲ್ಲ. ನಾವು ಎಲ್ಲಿ ತಪ್ಪುತ್ತಿದ್ದೇವೆ?"

ಉತ್ತರ: ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದರೂ ಅದು ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ದಯವಿಟ್ಟು ಕೊನೆಯವರೆಗೆ ಓದಿ.

ನಿಮ್ಮ ಪ್ರಾರ್ಥನೆ ತಪ್ಪಲ್ಲ. ಉಪವಾಸವೂ ತಪ್ಪಲ್ಲ. ತೊಂದರೆ ಇರುವುದು "ಮೇಲೆ ಬಂದಿಲ್ಲ" ಅನ್ನುವ ಮಾತಿನಲ್ಲಿ. ಆ ವಚನದಲ್ಲಿ ದೇಶ ಮೇಲೆ ಬರುತ್ತದೆ ಎಂದು ಎಲ್ಲೂ ಹೇಳಿಲ್ಲ.

14ನೇ ವಚನವೊಂದನ್ನೇ ಕಿತ್ತು ಓದಬೇಡಿ. ಹಿಂದಿನ ವಚನದಿಂದ ಓದಿ. ಇಸ್ರಾಯೇಲಿನ ಅರಸ ಸೊಲೊಮೋನ ದೇವಾಲಯ ಕಟ್ಟಿ ಮುಗಿಸಿ ಪ್ರತಿಷ್ಠೆ ಮಾಡಿದ್ದಾನೆ. ರಾತ್ರಿ ದೇವರು ಅವನಿಗೆ ಕಾಣಿಸಿಕೊಂಡು ಮಾತಾಡುತ್ತಾನೆ. ನಾನು ಮಳೆ ನಿಲ್ಲಿಸಿದಾಗ, ಮಿಡತೆ ಕಳುಹಿಸಿದಾಗ, ಜನರ ಮೇಲೆ ವ್ಯಾಧಿ ಬರಮಾಡಿದಾಗ, ನನ್ನ ಹೆಸರು ಹೊತ್ತ ನನ್ನ ಜನರು ತಗ್ಗಿಸಿಕೊಂಡು, ಪ್ರಾರ್ಥಿಸಿ, ನನ್ನನ್ನು ಹುಡುಕಿ, ಕೆಟ್ಟ ನಡತೆ ಬಿಟ್ಟರೆ ಕೇಳುತ್ತೇನೆ, ಕ್ಷಮಿಸುತ್ತೇನೆ, ಅವರ ನೆಲವನ್ನು ಗುಣಪಡಿಸುತ್ತೇನೆ ಎನ್ನುತ್ತಾನೆ. ಅಷ್ಟೇ. ಯುದ್ಧದಲ್ಲಿ ಗೆಲುವಿಲ್ಲ, ಖಜಾನೆ ತುಂಬುವ ಮಾತಿಲ್ಲ, ಬೇರೆ ದೇಶಗಳಿಗಿಂತ ಎತ್ತರದ ಸ್ಥಾನವಂತೂ ಇಲ್ಲವೇ ಇಲ್ಲ. ಕ್ಷಮೆ ಇದೆ, ಒಣಗಿದ ನೆಲಕ್ಕೆ ಮಳೆ ಇದೆ.

ಅದೇ ಅಧ್ಯಾಯದ ಕೊನೆಯ ನಾಲ್ಕು ವಚನಗಳನ್ನೂ ಓದಿ. ನೀವು ನನ್ನನ್ನು ಬಿಟ್ಟರೆ ನಿಮ್ಮನ್ನು ಈ ನೆಲದಿಂದ ಕಿತ್ತುಹಾಕುತ್ತೇನೆ, ಈ ದೇವಾಲಯವನ್ನು ಜನರ ಹಾಸ್ಯಕ್ಕೆ ಗುರಿಮಾಡುತ್ತೇನೆ ಎಂದಿದೆ. 14ನೇ ವಚನವನ್ನು ಗೋಡೆಗೆ ತೂಗುಹಾಕುವವರು ಈ ಭಾಗವನ್ನು ಯಾಕೆ ಬಿಡುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಈ ಮಾತು ದೇವರ ಒಡಂಬಡಿಕೆಯೊಳಗಿದ್ದ, ಅಂದರೆ ದೇವರು ವಿಶೇಷ ಒಪ್ಪಂದ ಮಾಡಿಕೊಂಡಿದ್ದ ಇಸ್ರಾಯೇಲಿಗೆ ಹೇಳಿದ್ದು. ಇವತ್ತಿನ ಯಾವ ದೇಶವೂ ಅಲ್ಲಿ ತನ್ನ ಹೆಸರು ಸೇರಿಸಿಕೊಳ್ಳಲು ಬರುವುದಿಲ್ಲ. ಹಾಗಂತ ಬೇರೆ ದೇಶಗಳಿಗೆ ಇದರಿಂದ ಕಲಿಯುವುದೇನೂ ಇಲ್ಲ ಅಂತಲ್ಲ. ಒಡಂಬಡಿಕೆಯೇ ಇಲ್ಲದ ಅಶ್ಶೂರ್ಯರ ಪಟ್ಟಣ ನಿನೆವೆ ತಗ್ಗಿಸಿಕೊಂಡಾಗಲೂ ದೇವರು ಕೇಳಿದ. ದೇವರ ಗುಣ ಒಂದೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಜನರ ತಲೆಯಲ್ಲಿ ಒಂದು ಸೂತ್ರ ಗಟ್ಟಿಯಾಗಿ ಕೂತುಬಿಟ್ಟಿದೆ. ಇಷ್ಟು ಜನ ಇಷ್ಟು ದಿನ ತಗ್ಗಿಸಿಕೊಂಡರೆ ದೇವರು ದೇಶವನ್ನು ಎತ್ತಲೇಬೇಕು ಅನ್ನುವುದು ಆ ಸೂತ್ರ. ಇದನ್ನು ಮುರಿಯಲು ಹೊರಗಿನ ಪುಸ್ತಕ ಬೇಡ. ಆ ವಚನ ಇರುವ ಪೂರ್ವಕಾಲವೃತ್ತಾಂತವೇ ಸಾಕು. ಪುಟ ತಿರುಗಿಸುತ್ತಾ ಹೋಗಿ.

ಮೊದಲು 12ನೇ ಅಧ್ಯಾಯ. ಸೊಲೊಮೋನನ ಮಗ ರೆಹಬ್ಬಾಮನ ಕಾಲ. ಐಗುಪ್ತದ ಅರಸ ಶೀಶಕ ದಂಡೆತ್ತಿ ಬಂದ. ಅರಸನೂ ಪ್ರಧಾನರೂ ತಗ್ಗಿಸಿಕೊಂಡು "ಯೆಹೋವನು ನ್ಯಾಯವಂತನು" ಎಂದು ಒಪ್ಪಿಕೊಂಡರು. ದೇವರು ಕೇಳಿದನೇ? ಕೇಳಿದ. ಪೂರ್ತಿ ನಾಶ ಮಾಡುವುದಿಲ್ಲ ಎಂದ. ಆದರೆ ನೀವು ಶೀಶಕನಿಗೆ ಅಧೀನರಾಗುತ್ತೀರಿ, ನನ್ನ ಸೇವೆಗೂ ಲೋಕದ ಅರಸರ ಸೇವೆಗೂ ಇರುವ ವ್ಯತ್ಯಾಸ ಗೊತ್ತಾಗಲಿ ಎಂದೂ ಹೇಳಿದ. ಶೀಶಕ ದೇವಾಲಯದ ಮತ್ತು ಅರಮನೆಯ ಭಂಡಾರವನ್ನು ಹೊತ್ತೊಯ್ದ. ಸೊಲೊಮೋನ ಮಾಡಿಸಿದ್ದ ಚಿನ್ನದ ಗುರಾಣಿಗಳೂ ಹೋದವು. ರೆಹಬ್ಬಾಮ ಅವುಗಳ ಬದಲಿಗೆ ಕಂಚಿನ ಗುರಾಣಿ ಮಾಡಿಸಿದ. ಇದೆಲ್ಲ ಆದದ್ದು ತಗ್ಗಿಸಿಕೊಂಡ ದೇಶಕ್ಕೆ. ಜೀವ ಉಳಿಯಿತು, ಚಿನ್ನ ಉಳಿಯಲಿಲ್ಲ.

ಮುಂದೆ 34ನೇ ಅಧ್ಯಾಯ. ಯೋಶೀಯನಿಗಿಂತ ಹೆಚ್ಚು ತಗ್ಗಿಸಿಕೊಂಡ ಅರಸನನ್ನು ತೋರಿಸಿ ನೋಡೋಣ. ಧರ್ಮಶಾಸ್ತ್ರದ ಪುಸ್ತಕ ಸಿಕ್ಕಿತು, ಅದನ್ನು ಓದಿಸಿ ಕೇಳಿದ, ಬಟ್ಟೆ ಹರಿದುಕೊಂಡ, ಅತ್ತ. ಪ್ರವಾದಿನಿ ಹುಲ್ದಳು ಅವನಿಗೆ ಕೊಟ್ಟ ಉತ್ತರ ಏನು? ನೀನು ತಗ್ಗಿಸಿಕೊಂಡೆ, ದೇವರು ಕೇಳಿದ್ದಾನೆ, ಈ ಸ್ಥಳಕ್ಕೆ ಬರುವ ಕೇಡನ್ನು ನೀನು ಕಣ್ಣಾರೆ ನೋಡುವುದಿಲ್ಲ ಎಂದಳು. ಕೇಡು ಬರುವುದೇ ಇಲ್ಲ ಎಂದು ಅವಳು ಹೇಳಲಿಲ್ಲ. ಯೋಶೀಯ ಕ್ರಿ.ಪೂ. 609ರಲ್ಲಿ ಮೆಗಿದ್ದೋವಿನ ಕದನದಲ್ಲಿ ಏಟು ತಿಂದು ಸತ್ತ. ಕ್ರಿ.ಪೂ. 586ರಲ್ಲಿ ಬಾಬೆಲಿನವರ ಕೈಯಲ್ಲಿ ಯೆರೂಸಲೇಮ್ ಸುಟ್ಟುಹೋಯಿತು. ನಿಮ್ಮ ಸೂತ್ರದ ಪ್ರಕಾರ ಯೋಶೀಯನ ದೀನತೆ ವ್ಯರ್ಥ. ಬೈಬಲಿನ ಪ್ರಕಾರ ಅಲ್ಲ.

ಈ ಗ್ರಂಥವನ್ನು ಮೊದಲು ಓದಿದವರು ಯಾರು ಅನ್ನುವುದನ್ನೂ ಯೋಚಿಸಿ. ಬಾಬೆಲಿನ ಸೆರೆಯಿಂದ ಹಿಂದಿರುಗಿದ ಸಣ್ಣ ಗುಂಪು. ಅವರಿಗೆ ಸ್ವಂತ ಅರಸ ಇರಲಿಲ್ಲ. ಪರ್ಷಿಯ ಸಾಮ್ರಾಜ್ಯದ ಒಂದು ಮೂಲೆಯ ಪ್ರಾಂತ್ಯ ಅದು. 7:14 ಓದಿದ ಮೇಲೂ ಅವರ ಪ್ರಾಂತ್ಯ ಸಾಮ್ರಾಜ್ಯವಾಗಲಿಲ್ಲ. ಆದರೂ ಆ ಮಾತು ಅವರಿಗೆ ಅನ್ನದಷ್ಟು ಬೇಕಾಗಿತ್ತು. ದೇವರು ಇನ್ನೂ ಕೇಳುತ್ತಾನೆ, ಇನ್ನೂ ಕ್ಷಮಿಸುತ್ತಾನೆ ಅನ್ನುವುದು ಅವರಿಗೆ ಸಾಕಾಗಿತ್ತು. ನಮಗೆ ಯಾಕೆ ಸಾಲುವುದಿಲ್ಲ?

ನಿನೆವೆಯ ಅರಸನ ಮಾತು ನನಗೆ ಇನ್ನೂ ಇಷ್ಟ. ಅಲ್ಲಿಗೆ ಹೋದ ಪ್ರವಾದಿ ಯೋನನ ಸಾರೋಣದಲ್ಲಿ "ಒಂದು ವೇಳೆ ನೀವು ತಿರುಗಿಕೊಂಡರೆ" ಅನ್ನುವ ಷರತ್ತೂ ಇರಲಿಲ್ಲ. ನಲವತ್ತು ದಿನದಲ್ಲಿ ನಿನೆವೆ ಕೆಡವಲ್ಪಡುತ್ತದೆ, ಅಷ್ಟೇ. ಅರಸ ಸಿಂಹಾಸನ ಬಿಟ್ಟು ಇಳಿದ. ನಿಲುವಂಗಿ ತೆಗೆದ, ಗೋಣಿತಟ್ಟು ಸುತ್ತಿಕೊಂಡು ಬೂದಿಯಲ್ಲಿ ಕೂತ. ನಂತರ ಹೇಳಿದ: ಪ್ರತಿಯೊಬ್ಬನೂ ತನ್ನ ಕೈಯ ಹಿಂಸೆಯನ್ನು ಬಿಡಲಿ, ದೇವರು ಒಂದು ವೇಳೆ ಮನಸ್ಸು ತಿರುಗಿಸಿಯಾನು, ಯಾರಿಗೆ ಗೊತ್ತು? "ಯಾರಿಗೆ ಗೊತ್ತು" ಅನ್ನುವ ಬಾಯಿಗೂ "ಎತ್ತಲೇಬೇಕು" ಅನ್ನುವ ಬಾಯಿಗೂ ಎಷ್ಟು ಅಂತರ! ಅಶ್ಶೂರ್ಯರ ಯುದ್ಧಗಳ ಕ್ರೌರ್ಯ ಹೆಸರುವಾಸಿ. ಆ ದೇಶದ ಅರಸ ಸುಮ್ನೆ "ನಮ್ಮ ಪಾಪಗಳು" ಅನ್ನಲಿಲ್ಲ. ತನ್ನ ದೇಶದ ಪಾಪವನ್ನು ಹೆಸರು ಹಿಡಿದು ಹೇಳಿದ.

ಇತ್ತೀಚಿನ ಉದಾಹರಣೆ ಬೇಕು ಅನ್ನುವವರು ಯಾವಾಗಲೂ ಅಬ್ರಹಾಂ ಲಿಂಕನ್ ಅವರನ್ನು ಎಳೆದು ತರುತ್ತಾರೆ. ಸರಿ, ಅದನ್ನೂ ನೋಡೋಣ. ಅಮೆರಿಕದ ಅಂತರ್ಯುದ್ಧದ ನಡುವೆ, 1863ರ ಏಪ್ರಿಲ್ 30ನ್ನು ದೇಶ ತಗ್ಗಿಸಿಕೊಂಡು ಉಪವಾಸವಿದ್ದು ಪ್ರಾರ್ಥಿಸುವ ದಿನ ಎಂದು ಲಿಂಕನ್ ಘೋಷಿಸಿದರು. ಎಡೆಬಿಡದ ಯಶಸ್ಸಿನ ಅಮಲಿನಲ್ಲಿ ದೇವರನ್ನು ಮರೆತೆವು, ನಮ್ಮನ್ನು ಉಂಟುಮಾಡಿದವನಿಗೆ ಪ್ರಾರ್ಥಿಸಲೂ ಆಗದಷ್ಟು ಸೊಕ್ಕಿದೆವು ಎಂಬ ಅರ್ಥದ ಮಾತು ಆ ಘೋಷಣೆಯಲ್ಲಿದೆ. ದೇಶವೊಂದರ ಅಧ್ಯಕ್ಷ ತನ್ನ ಜನರಿಗೆ ಹೇಳಿದ ಮಾತುಗಳಲ್ಲಿ ಇದು ಬಹಳ ದೊಡ್ಡದು. ಸೂತ್ರ ನಂಬುವವರು ಇಲ್ಲಿಂದ ನೇರವಾಗಿ ಜುಲೈಗೆ ಹಾರುತ್ತಾರೆ. ಗೆಟ್ಟಿಸ್‌ಬರ್ಗ್‌ನಲ್ಲಿ ಲಿಂಕನ್ ಅವರ ಉತ್ತರದ ಸೈನ್ಯ ಗೆದ್ದಿತು ನೋಡಿ, ಪ್ರಾರ್ಥನೆ ಫಲಿಸಿತು ಎನ್ನುತ್ತಾರೆ. ನಡುವಿನ ಮೇ ತಿಂಗಳು ಎಲ್ಲಿ ಹೋಯಿತು? ಉಪವಾಸದ ದಿನದ ಬೆನ್ನಲ್ಲೇ, ಮೇ ಮೊದಲ ವಾರದಲ್ಲಿ, ಚಾನ್ಸಲರ್ಸ್‌ವಿಲ್‌ನಲ್ಲಿ ಅದೇ ಉತ್ತರದ ಸೈನ್ಯ ಕೆಟ್ಟದಾಗಿ ಸೋತಿತು. ಗೆಲುವನ್ನು ಲೆಕ್ಕಕ್ಕೆ ತಗೊಂಡರೆ ಸೋಲನ್ನೂ ತಗೊಳ್ಳಬೇಕು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಬೇರೆಯಾಗಿ ನಿಂತಿದ್ದ ದಕ್ಷಿಣದ ರಾಜ್ಯಗಳ ಅಧ್ಯಕ್ಷ ಜೆಫರ್ಸನ್ ಡೇವಿಸ್ ಕೂಡ ಉಪವಾಸದ ದಿನಗಳನ್ನು ಘೋಷಿಸಿದ್ದರು. ಅಲ್ಲಿಯ ಸಭೆಗಳೂ ತುಂಬಿದವು, ಅಲ್ಲಿಯೂ ಜನ ಮೊಣಕಾಲೂರಿದರು. ಆದರೆ ಗುಲಾಮಗಿರಿಯನ್ನು ಯಾರೂ ಕೈಬಿಡಲಿಲ್ಲ. ಯೆಶಾಯ 58ರಲ್ಲಿ ದೇವರು ಹೇಳುವ ಉಪವಾಸ ಯಾವುದು? ನೊಗದ ಕಟ್ಟು ಬಿಚ್ಚುವುದು, ಜಜ್ಜಿಹೋದವರನ್ನು ಬಿಡುಗಡೆ ಮಾಡುವುದು, ಹಸಿದವರಿಗೆ ಅನ್ನ ಹಂಚುವುದು. ನೊಗ ಹಾಗೇ ಇದ್ದರೆ ಉಪವಾಸ ಬರೀ ಹಸಿವು.

ಲಿಂಕನ್ ಇದನ್ನು ತಿಳಿದುಕೊಂಡಿದ್ದರು ಅನಿಸುತ್ತದೆ. 1865ರ ಮಾರ್ಚ್ 4ರಂದು ಎರಡನೇ ಸಲ ಅಧಿಕಾರ ಸ್ವೀಕರಿಸುವಾಗ, ಗೆಲುವು ಕೈಗೆಟುಕುವಷ್ಟು ಹತ್ತಿರ ಇತ್ತು. ದೇವರು ನಮ್ಮ ಪಕ್ಷ ಎಂದು ಬಿಡುವುದು ಸುಲಭವಾಗಿತ್ತು. ಅವರು ಹಾಗೆ ಹೇಳಲಿಲ್ಲ. ಎರಡೂ ಕಡೆಯವರು ಒಂದೇ ಬೈಬಲ್ ಓದುತ್ತಾರೆ, ಒಬ್ಬನೇ ದೇವರಿಗೆ ಪ್ರಾರ್ಥಿಸುತ್ತಾರೆ, ಆದರೆ ದೇವರಿಗೆ ತನ್ನದೇ ಉದ್ದೇಶಗಳಿವೆ ಎಂದರು. ಗುಲಾಮಗಿರಿಯ ಪಾಪಕ್ಕಾಗಿ ಈ ಯುದ್ಧ ಉತ್ತರಕ್ಕೂ ದಕ್ಷಿಣಕ್ಕೂ ಬಂದ ದಂಡನೆ ಇರಬಹುದು ಎಂದೂ ಹೇಳಿದರು. ಗೆಲ್ಲುತ್ತಿರುವ ಕಡೆಯ ನಾಯಕ ಆಡಿದ ಮಾತು ಇದು. ದೇಶದ ದೀನತೆ ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಈ ಭಾಷಣವನ್ನು ಓದಲು ಹೇಳುತ್ತೇನೆ. 1863ರ ಘೋಷಣೆಗಿಂತ ಇದೇ ಮೇಲು.

ಈಗ ಯೋಚಿಸಿ. ಎಲ್ಲರಿಗಿಂತ ಎತ್ತರಕ್ಕೆ ಹೋಗಬೇಕೆಂದೇ ತಗ್ಗಿಸಿಕೊಂಡರೆ, ತಗ್ಗುವುದನ್ನೇ ಏಣಿ ಮಾಡಿಕೊಂಡ ಹಾಗೆ. ಅದು ದೀನತೆಯ ಬಟ್ಟೆ ತೊಟ್ಟ ಅಹಂಕಾರ. ತಗ್ಗಿಸಿಕೊಂಡವರನ್ನು ದೇವರು ಮೇಲಕ್ಕೆ ತರುತ್ತಾನೆ ಎಂದು ಯಾಕೋಬನೂ ಪೇತ್ರನೂ ತಮ್ಮ ಪತ್ರಗಳಲ್ಲಿ ಬರೆದಿದ್ದಾರಲ್ಲ ಎನ್ನುತ್ತೀರಿ. ಹೌದು, ಬರೆದಿದ್ದಾರೆ. ಆದರೆ ಪೇತ್ರ ಅದನ್ನು ಬರೆದದ್ದು ಕಷ್ಟ ಅನುಭವಿಸುತ್ತಿದ್ದ, ಚದರಿಹೋಗಿದ್ದ ಸಣ್ಣ ಸಭೆಗಳಿಗೆ. "ತಕ್ಕ ಕಾಲದಲ್ಲಿ" ಎಂದೂ ಸೇರಿಸಿದ್ದಾನೆ. ಆ ಕಾಲ ದೇವರ ಕೈಯಲ್ಲಿದೆ.

ಹಾಗಾದರೆ ದೇಶದ ಅಹಂಕಾರ ಎಲ್ಲಿ ಕಾಣುತ್ತದೆ? ದೇವರು ನಾಶಮಾಡಿದ ಸೊದೋಮ್ ಪಟ್ಟಣದ ಪಾಪ ಏನೆಂದು ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಲೈಂಗಿಕ ಪಾಪ. ಯೆಹೆಜ್ಕೇಲ 16:49 ತೆಗೆದು ನೋಡಿ. ಗರ್ವ, ಹೊಟ್ಟೆತುಂಬ ಊಟ, ನೆಮ್ಮದಿಯ ಬದುಕು, ಇಷ್ಟಿದ್ದೂ ಬಡವರ ಕೈ ಹಿಡಿಯದೆ ಹೋದದ್ದು. ಪಟ್ಟಿಯ ಮೊದಲಲ್ಲೇ ಗರ್ವ ಇದೆ. ಅದರ ಪಕ್ಕದಲ್ಲೇ ಬಡವ ಇದ್ದಾನೆ. ಪ್ರವಾದಿ ದಾನಿಯೇಲನೂ ಬಾಬೆಲಿನ ಅರಸ ನೆಬೂಕದ್ನೆಚ್ಚರನಿಗೆ ಹೇಳಿದ್ದು ಇದನ್ನೇ: ಧರ್ಮದಿಂದ ನಡೆ, ಬಡವರಿಗೆ ಕರುಣೆ ತೋರಿಸು. ಅರಸ ಕೇಳಲಿಲ್ಲ. ಹನ್ನೆರಡು ತಿಂಗಳಾದ ಮೇಲೆ ಅರಮನೆಯ ಮೇಲೆ ತಿರುಗಾಡುತ್ತಾ ಇದು ನಾನೇ ಕಟ್ಟಿದ ಮಹಾಬಾಬೆಲ್ ಎಂದ. ಮುಂದಿನದು ನಿಮಗೆ ಗೊತ್ತು: ಬುದ್ಧಿ ಕಳಕೊಂಡು ಎತ್ತಿನ ಹಾಗೆ ಹುಲ್ಲು ಮೇಯ್ದ.

ತಗ್ಗಿಸಿಕೊಳ್ಳಿ ಅಂದರೆ ದೇಶದ್ವೇಷ ಎಂದು ಹೇಳುವವರಿಗೆ ಜಾಸ್ತಿ ಉತ್ತರ ಬೇಕಿಲ್ಲ. ಯೇಸು ಯೆರೂಸಲೇಮನ್ನು ಗದರಿಸಿದ, ಅದೇ ಪಟ್ಟಣವನ್ನು ನೋಡಿ ಅತ್ತ. ಪ್ರೀತಿ ಇಲ್ಲದವನು ಅಳುವುದಿಲ್ಲ.

ನೀವು ಕೇಳದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ. ನಮ್ಮ ಹಿರಿಯರು ಮಾಡಿದ ಪಾಪಕ್ಕೆ ನಾವು ತಗ್ಗಿಸಿಕೊಳ್ಳಬೇಕೇ? ತಂದೆಯ ಪಾಪವನ್ನು ಮಗ ಹೊರುವುದಿಲ್ಲ ಎಂದು ಯೆಹೆಜ್ಕೇಲ 18 ಸ್ಪಷ್ಟವಾಗಿ ಹೇಳುತ್ತದೆ. ಆದರೆ ದಾನಿಯೇಲ 9ರ ಪ್ರಾರ್ಥನೆ ಓದಿ. ದಾನಿಯೇಲನ ಮೇಲೆ ಬೈಬಲ್ ಒಂದು ತಪ್ಪನ್ನೂ ಹೊರಿಸುವುದಿಲ್ಲ. ಅವನೇ "ನಾವು ಪಾಪ ಮಾಡಿದ್ದೇವೆ" ಅನ್ನುತ್ತಾನೆ, "ಅವರು" ಅನ್ನುವುದಿಲ್ಲ. ನೆಹೆಮೀಯನೂ "ನಾನೂ ನನ್ನ ತಂದೆಯ ಮನೆಯವರೂ" ಎಂದು ತನ್ನನ್ನೂ ಸೇರಿಸಿಕೊಳ್ಳುತ್ತಾನೆ. ನನ್ನ ಉತ್ತರ ಹೀಗಿದೆ. ದಂಡನೆ ಪಿತ್ರಾರ್ಜಿತವಾಗಿ ಬರುವುದಿಲ್ಲ. ಆದರೆ ಹಿರಿಯರ ಅನ್ಯಾಯದಿಂದ ಸಿಕ್ಕ ಲಾಭವನ್ನು ನಾವು ಉಣ್ಣುತ್ತಿದ್ದರೆ, ಅವರ ಹಿರಿಮೆಯನ್ನು ನಮ್ಮದು ಎಂದು ಎದೆಯುಬ್ಬಿಸಿ ಹೇಳುತ್ತಿದ್ದರೆ, ಅವರ ತಪ್ಪನ್ನು ಮಾತ್ರ ನಮ್ಮದಲ್ಲ ಅನ್ನಲು ಆಗುವುದಿಲ್ಲ.

ಸಭೆಗಳು ಇದನ್ನು ಮಾಡಿದ್ದುಂಟು, ಎಡವಿದ್ದೂ ಉಂಟು. 1945ರ ಅಕ್ಟೋಬರ್‌ನಲ್ಲಿ ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಯ ನಾಯಕರು ಸ್ಟುಟ್‌ಗಾರ್ಟ್‌ನಲ್ಲಿ ತಪ್ಪೊಪ್ಪಿಗೆ ಹೊರಡಿಸಿದರು. ಹಿಟ್ಲರನ ಆಳ್ವಿಕೆಯಲ್ಲಿ ನಾವು ಇನ್ನಷ್ಟು ಧೈರ್ಯದಿಂದ ಸಾಕ್ಷಿ ಹೇಳಲಿಲ್ಲ, ಇನ್ನಷ್ಟು ಪ್ರೀತಿಸಲಿಲ್ಲ ಎಂದು ತಮ್ಮ ಮೇಲೆಯೇ ದೋಷ ಹೊರಿಸಿಕೊಂಡರು. ಸಹಿ ಮಾಡಿದವರಲ್ಲಿ ಹಿಟ್ಲರನ ಸೆರೆಯಲ್ಲಿ ವರ್ಷಗಟ್ಟಲೆ ಇದ್ದ ಪಾದ್ರಿ ಮಾರ್ಟಿನ್ ನೀಮೋಲರ್ ಕೂಡ ಇದ್ದರು. ದೇಶದಲ್ಲಿ ಅನೇಕರು ಸಿಟ್ಟಾದರು. ಆದರೂ ಆ ಒಪ್ಪಿಗೆಯಲ್ಲಿ ದೊಡ್ಡ ಕೊರತೆ ಇತ್ತು. ಯೆಹೂದ್ಯರ ಹೆಸರೇ ಅದರಲ್ಲಿರಲಿಲ್ಲ. ಅವರ ವಿಷಯದಲ್ಲಿ ನಾವೂ ಅಪರಾಧಿಗಳು ಎಂದು ಆ ಸಭೆಯ ಸಿನೊಡ್ (ಆಡಳಿತ ಮಂಡಳಿ) ಬಾಯಿಬಿಟ್ಟು ಹೇಳಿದ್ದು 1950ರಲ್ಲಿ, ಬರ್ಲಿನ್‌ನ ವೈಸೆನ್ಸೇಯಲ್ಲಿ. ನಿನೆವೆಯ ಅರಸ ಮೊದಲ ದಿನವೇ ಮಾಡಿದ ಕೆಲಸಕ್ಕೆ ಇವರಿಗೆ ಐದು ವರ್ಷ ಬೇಕಾಯಿತು.

ದಕ್ಷಿಣ ಆಫ್ರಿಕದಲ್ಲಿ 1990ರ ನವೆಂಬರ್‌ನಲ್ಲಿ ರುಸ್ಟೆನ್‌ಬರ್ಗ್‌ನಲ್ಲಿ ಸಭೆಗಳ ಸಮ್ಮೇಳನ ಸೇರಿತು. ವಿಲ್ಲಿ ಯೋಂಕರ್ ಎಂಬ ಬಿಳಿಯ ದೈವಶಾಸ್ತ್ರ ಪ್ರಾಧ್ಯಾಪಕರು ಎದ್ದು, ವರ್ಣಭೇದದ ಅನ್ಯಾಯಕ್ಕಾಗಿ ತಮ್ಮ ಪಾಪವನ್ನೂ ತಮ್ಮ ಡಚ್ ರಿಫಾರ್ಮ್ಡ್ ಸಭೆಯ ಪಾಪವನ್ನೂ ಒಪ್ಪಿಕೊಂಡರು. ಆರ್ಚ್‌ಬಿಷಪ್ ಡೆಸ್ಮಂಡ್ ಟೂಟು ವೇದಿಕೆಗೆ ಬಂದು ಆ ಒಪ್ಪಿಗೆಯನ್ನು ಸ್ವೀಕರಿಸಿದರು. ಆ ಒಪ್ಪಿಗೆಯಲ್ಲಿ ದೇಶ ಮೇಲೆ ಬರಲಿ ಎನ್ನುವ ಬೇಡಿಕೆ ಇರಲಿಲ್ಲ. ಯಾರಿಗೆ ಅನ್ಯಾಯವಾಗಿತ್ತೋ ಅವರ ಎದುರಿಗೇ ಆ ಮಾತು ಆಡಿದರು.

ನಿಮ್ಮ ಸಭೆಯ ಉಪವಾಸ ಮುಂದುವರಿಯಲಿ. ಮುಂದಿನ ಸಲ ಸೇರಿದಾಗ "ದೇಶದ ಪಾಪಗಳನ್ನು ಕ್ಷಮಿಸು" ಎಂದು ಒಂದೇ ಉಸಿರಿಗೆ ಮುಗಿಸಬೇಡಿ. ಯಾವ ಪಾಪ, ಯಾರ ಮೇಲೆ ಮಾಡಿದ್ದು, ಅದರಲ್ಲಿ ನಿಮ್ಮ ಪಾಲು ಎಷ್ಟು ಎಂದು ಹೇಳಿ ಪ್ರಾರ್ಥಿಸಿ. ದಾನಿಯೇಲ 9:4ರಿಂದ 19ರವರೆಗೆ ಗಟ್ಟಿಯಾಗಿ ಓದಿ ಶುರುಮಾಡಬಹುದು.