ಮೊದಲು ತಲೆ ಅಳೆಯಿರಿ, ಆಮೇಲೆ ಹೆಲ್ಮೆಟ್ ನೋಡಿ

ಹೆಲ್ಮೆಟ್ ಅಂಗಡಿಗೆ ಹೋದವರು ಮೊದಲು ಕೇಳುವುದು ಬೆಲೆ. ಆಮೇಲೆ ಕಂಪನಿ, ಬಣ್ಣ, ಹಿಂದೆ ಸ್ಪಾಯ್ಲರ್, ಅಂದರೆ ರೆಕ್ಕೆಯಂಥ ಅಂಚು, ಇದೆಯಾ ಅನ್ನುವುದು. ಸೈಜ್ ಮಾತು ಬರುವುದು ಕೊನೆಗೆ. ತಲೆಗೆ ಹಾಕಿ, ಕನ್ನಡಿ ನೋಡಿ, "ಸ್ವಲ್ಪ ಟೈಟ್ ಆಯ್ತು, ಇದಕ್ಕಿಂತ ದೊಡ್ಡದು ಕೊಡಿ" ಅನ್ನುತ್ತೇವೆ. ಅಂಗಡಿಯವರು ಕೊಡುತ್ತಾರೆ. ಅದು ಆರಾಮಾಗಿ ಕೂರುತ್ತದೆ. ದುಡ್ಡು ಕೊಟ್ಟು ಮನೆಗೆ ಬರುತ್ತೇವೆ.

ಕೆಲಸ ಕೆಡುವುದು ಅಲ್ಲೇ. ಹೆಲ್ಮೆಟ್ ಗಾಳಿಗೆ ಅಲುಗಾಡಬಾರದು, ಒಳಗೆ ಸದ್ದು ಕಡಿಮೆ ಇರಬೇಕು, ಬಿದ್ದಾಗ ತಲೆ ಉಳಿಯಬೇಕು ಅಂತ ನಾವು ಬಯಸುತ್ತೇವೆ. ಇದೆಲ್ಲ ನಿಂತಿರುವುದು ಅದು ನಿಮ್ಮ ತಲೆಗೆ ಎಷ್ಟು ಸರಿಯಾಗಿ ಕೂರುತ್ತದೆ ಅನ್ನುವುದರ ಮೇಲೆ. ಬೆಲೆಗಿಂತ, ಬ್ರ್ಯಾಂಡ್‌ಗಿಂತ ಇದು ದೊಡ್ಡದು. ಇದಕ್ಕೆ ಜಾಸ್ತಿ ದುಡ್ಡೂ ಬೇಕಿಲ್ಲ. ಅಂಗಡಿಯಲ್ಲಿ ಅರ್ಧ ಗಂಟೆ ಕಳೆಯುವ ತಾಳ್ಮೆ ಸಾಕು.

ಹೆಲ್ಮೆಟ್‌ನ ಒಳಗಿನ ಬಟ್ಟೆಯ ಪ್ಯಾಡ್ ಬಿಚ್ಚಿ ನೋಡಿ. ಅದರ ಹಿಂದೆ ಕಪ್ಪು ಅಥವಾ ಬಿಳಿ ಬಣ್ಣದ ಗಟ್ಟಿ ಪದರ ಕಾಣುತ್ತದೆ. ಉಗುರಿನಲ್ಲಿ ಒತ್ತಿದರೆ ಗುರುತು ಬಿದ್ದೀತು, ಹಾಗಾಗಿ ಒತ್ತಬೇಡಿ. ಅದು ಥರ್ಮೋಕೋಲ್. ಟಿವಿ ಪೆಟ್ಟಿಗೆಯಲ್ಲಿ ಬರುವುದೂ ಅದೇ ವಸ್ತು, ಇಲ್ಲಿ ಇನ್ನೂ ಒತ್ತಾಗಿ, ಲೆಕ್ಕ ಹಾಕಿ ಮಾಡಿರುತ್ತಾರೆ. ತಲೆ ಉಳಿಸುವ ಮುಖ್ಯ ಕೆಲಸ ಇದರದ್ದೇ. ಹೊರಗಿನ ಗಟ್ಟಿ ಚಿಪ್ಪು ಪೆಟ್ಟನ್ನು ಹರಡುತ್ತದೆ, ಚೂಪಾದ ವಸ್ತು ಒಳಗೆ ನುಗ್ಗದಂತೆ ತಡೆಯುತ್ತದೆ. ಪೆಟ್ಟನ್ನು ನುಂಗುವುದು ಮಾತ್ರ ಥರ್ಮೋಕೋಲ್. ಹೀಗೆ ಪುಡಿಯಾಗಿ ಪೆಟ್ಟು ನುಂಗುವ ಒಳಪದರದ ಹೆಲ್ಮೆಟ್‌ಗೆ ಅಮೆರಿಕದ ರಾತ್ ಮತ್ತು ಲೊಂಬಾರ್ಡ್ ಎಂಬಿಬ್ಬರಿಗೆ 1953ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತಿಗೂ ಹೆಲ್ಮೆಟ್‌ನ ಮೂಲ ಉಪಾಯ ಅದೇ.

ಇದರ ಲೆಕ್ಕ ಬಹಳ ಸುಲಭ. ಗಾಡಿ ನಿಂತಿರುವಾಗಲೇ ಪಕ್ಕಕ್ಕೆ ಉರುಳಿ ಬಿದ್ದಿರಿ ಅಂದುಕೊಳ್ಳಿ. ಒಂದೂವರೆ ಮೀಟರ್ ಎತ್ತರದಿಂದ ಬೀಳುವ ತಲೆ ನೆಲ ಮುಟ್ಟುವಾಗ ಗಂಟೆಗೆ ಹೆಚ್ಚುಕಡಿಮೆ 20 ಕಿ.ಮೀ. ವೇಗದಲ್ಲಿರುತ್ತದೆ. ಆ ವೇಗ ಸೊನ್ನೆಗೆ ಇಳಿಯಲು ಎಷ್ಟು ಜಾಗ ಸಿಗುತ್ತದೆ ಅನ್ನುವುದೇ ಪ್ರಶ್ನೆ. ಬರೀ ತಲೆ ರಸ್ತೆಗೆ ಬಡಿದು 2 ಮಿ.ಮೀ. ಒಳಗೆ ನಿಂತುಬಿಟ್ಟರೆ, ಅದರ ಮೇಲೆ ಬೀಳುವ ಹೊಡೆತ ಸರಾಸರಿ ಗುರುತ್ವದ 750 ಪಟ್ಟು. ಥರ್ಮೋಕೋಲ್ 25 ಮಿ.ಮೀ. ಕುಗ್ಗುತ್ತಾ ನಿಲ್ಲಿಸಿದರೆ ಅದೇ ಹೊಡೆತ 60 ಪಟ್ಟಿಗೆ ಇಳಿಯುತ್ತದೆ. ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ ನೋಡಿ, ಇವೇ ಸಂಖ್ಯೆಗಳು ಬರುತ್ತವೆ. ಸಾವು ಬದುಕಿನ ನಡುವೆ ಇರುವುದು ಎರಡೂವರೆ ಸೆಂಟಿಮೀಟರ್ ಜಾಗ, ಅಷ್ಟೇ.

ಈಗ ಆ ದೊಡ್ಡ ಸೈಜ್ ಹೆಲ್ಮೆಟ್ ನೆನಪಿಸಿಕೊಳ್ಳಿ. ತಲೆಗೂ ಥರ್ಮೋಕೋಲ್‌ಗೂ ನಡುವೆ ಖಾಲಿ ಜಾಗ ಇದೆ. ಬಿದ್ದಾಗ ಹೆಲ್ಮೆಟ್ ಮೊದಲು ನಿಲ್ಲುತ್ತದೆ, ತಲೆ ಇನ್ನೂ ಮುಂದಕ್ಕೆ ಹೋಗುತ್ತಿರುತ್ತದೆ. ಸಿಗಬೇಕಾದ ಜಾಗ ಅಲ್ಲೇ ವ್ಯರ್ಥವಾಯಿತು. ಇನ್ನೂ ಕೆಟ್ಟದ್ದು ಏನೆಂದರೆ, ಲೂಸ್ ಹೆಲ್ಮೆಟ್ ತಲೆ ಮೇಲೆ ತಿರುಗಿಬಿಡುತ್ತದೆ, ಕೆಲವೊಮ್ಮೆ ಕಳಚಿಯೇ ಹೋಗುತ್ತದೆ. ಯುರೋಪಿನಲ್ಲಿ ಬೈಕ್ ಅಪಘಾತಗಳನ್ನು ಒಂದೊಂದಾಗಿ ಪರಿಶೀಲಿಸಿದ 'ಕಾಸ್ಟ್ 327' ಅಧ್ಯಯನದಲ್ಲಿ ನೂರಕ್ಕೆ ಸುಮಾರು 12 ಹೆಲ್ಮೆಟ್‌ಗಳು ಸವಾರರ ತಲೆಯಿಂದ ಕಳಚಿದ್ದು ಕಂಡುಬಂತು. ಹೆಲ್ಮೆಟ್ ಹಾಕಿಯೂ ಹಾಕದಂತಾದ ಸವಾರರು ಅವರು.

ಹಾಗಾದರೆ ಸೈಜ್ ನೋಡುವುದು ಹೇಗೆ? ಮನೆಯಲ್ಲೇ ಶುರು ಮಾಡಿ. ಟೈಲರ್ ಟೇಪನ್ನು ಹುಬ್ಬಿಗಿಂತ ಎರಡು ಬೆರಳು ಮೇಲೆ ಇಟ್ಟು, ಕಿವಿಯ ಮೇಲಿಂದ ಸುತ್ತಿ, ಹಿಂದೆ ತಲೆ ಎಲ್ಲಿ ಹೆಚ್ಚು ಉಬ್ಬಿದೆಯೋ ಅಲ್ಲಿ ಹಾಯಿಸಿ. ಎರಡು ಮೂರು ಸಲ ಅಳೆದು ದೊಡ್ಡ ಅಳತೆ ತೆಗೆದುಕೊಳ್ಳಿ. 58 ಸೆಂ.ಮೀ. ಬಂದರೆ 580 ಎಂದು ಬರೆದಿರುವ ಹೆಲ್ಮೆಟ್, 60 ಬಂದರೆ 600. ನಮ್ಮ ದೇಶದ ಕಂಪನಿಗಳು ಅಳತೆಯನ್ನು ಸಾಮಾನ್ಯವಾಗಿ ಹೀಗೆ ಮಿಲಿಮೀಟರ್‌ನಲ್ಲೇ ನಮೂದಿಸುತ್ತವೆ. ತುರುಬು ಕಟ್ಟುವವರು ಒಂದು ವಿಷಯ ಗಮನಿಸಬೇಕು. ತುರುಬು ಹೆಲ್ಮೆಟ್‌ನ ಒಳಗೆ ಸಿಕ್ಕಿಕೊಂಡರೆ ಅದು ಮುಂದಕ್ಕೆ ವಾಲುತ್ತದೆ, ಹಣೆಯ ಹತ್ತಿರ ಸರಿಯಾಗಿ ಕೂರುವುದಿಲ್ಲ. ಜಡೆ ಇಳಿಬಿಟ್ಟು ಅಥವಾ ಕತ್ತಿನ ಹತ್ತಿರ ಕೆಳಗೆ ಕಟ್ಟಿ ಅಳತೆ ನೋಡುವುದು ಒಳ್ಳೆಯದು. ಬೆವರಿಗೆ ಅಂತ ಒಳಗೆ ಕರ್ಚೀಫು ಕಟ್ಟಿಕೊಳ್ಳುವ ಅಭ್ಯಾಸ ಇದ್ದರೆ, ಅದನ್ನು ಕಟ್ಟಿಕೊಂಡೇ ಹೆಲ್ಮೆಟ್ ಹಾಕಿ ನೋಡಿ.

ಟೇಪ್ ಹೇಳುವುದು ಸುತ್ತಳತೆ ಮಾತ್ರ. ತಲೆಯ ಆಕಾರವನ್ನು ಅದು ಹೇಳುವುದಿಲ್ಲ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಮೇಲಿಂದ ನೋಡಿದರೆ ಕೆಲವರ ತಲೆ ಮುಂದಿನಿಂದ ಹಿಂದಕ್ಕೆ ಉದ್ದ, ಕೆಲವರದ್ದು ದುಂಡು. ಇಬ್ಬರ ಸುತ್ತಳತೆಯೂ 58 ಇರಬಹುದು. ಹಣೆ ನೋಯುತ್ತಿದ್ದು ಪಕ್ಕದಲ್ಲಿ ಸಡಿಲ ಇದ್ದರೆ, ಆ ಹೆಲ್ಮೆಟ್ ನಿಮ್ಮ ತಲೆಗಿಂತ ದುಂಡಗಿದೆ. ಕಿವಿ ಮೇಲಿನ ಕಪಾಲ ಒತ್ತುತ್ತಿದ್ದು ಹಿಂದೆ ಮುಂದೆ ಸಡಿಲ ಇದ್ದರೆ, ನಿಮ್ಮ ತಲೆ ಅದಕ್ಕಿಂತ ದುಂಡು. ಎರಡಕ್ಕೂ ಮದ್ದು ದೊಡ್ಡ ಸೈಜ್ ಅಲ್ಲ, ಬೇರೆ ಮಾಡೆಲ್. ಒಬ್ಬೊಬ್ಬ ತಯಾರಕರ ಅಚ್ಚು ಒಂದೊಂದು ತರಹ ಇರುತ್ತದೆ. ಹಾಗಾಗಿ ಸ್ನೇಹಿತರು ಮೆಚ್ಚಿದ ಹೆಲ್ಮೆಟ್ ನಿಮಗೆ ತಲೆನೋವು ತರಬಹುದು, ಅದರಲ್ಲಿ ಯಾರ ತಪ್ಪೂ ಇಲ್ಲ.

ಅಂಗಡಿಯಲ್ಲಿ ಹಾಕಿದ ತಕ್ಷಣ ತೆಗೆಯಬೇಡಿ. ಕಾಲು ಗಂಟೆ ಹಾಗೇ ಇರಿ. ಕೆನ್ನೆ ಒತ್ತಿ ಸ್ವಲ್ಪ ಉಬ್ಬಬೇಕು, ಮಾತಾಡಿದರೆ ಒಳಗೆ ಕೆನ್ನೆ ಹಲ್ಲಿಗೆ ತಾಗಬೇಕು. ಹೊಸ ಚಪ್ಪಲಿ ಕಾಲಿಗೆ ಪಳಗುವ ಹಾಗೆ ಕೆನ್ನೆಯ ಪ್ಯಾಡ್ ಕೆಲವು ವಾರಗಳಲ್ಲಿ ಮೆತ್ತಗಾಗುತ್ತದೆ. ಹಣೆಯ ನೋವು ಮಾತ್ರ ಪಳಗುವುದಿಲ್ಲ, ಯಾಕೆಂದರೆ ಅಲ್ಲಿ ತೆಳು ಬಟ್ಟೆಯ ಹಿಂದೆಯೇ ಥರ್ಮೋಕೋಲ್ ಇರುತ್ತದೆ, ಅದು ದಿನಬಳಕೆಯಲ್ಲಿ ಹಿಗ್ಗುವುದಿಲ್ಲ. ಹೆಲ್ಮೆಟ್ ತೆಗೆದಾಗ ಹಣೆ ಮೇಲೆ ಒಂದೇ ಕಡೆ ಕೆಂಪು ಗುರುತು ಬಿದ್ದಿದ್ದರೆ ಅದನ್ನು ಕೊಳ್ಳಬೇಡಿ. ಗುರುತಿಲ್ಲದಿದ್ದರೆ ಮತ್ತೆ ಹಾಕಿ, ಸ್ಟ್ರಾಪ್ ಬಿಗಿಯಿರಿ. ಗದ್ದಕ್ಕೂ ಸ್ಟ್ರಾಪಿಗೂ ನಡುವೆ ಒಂದೆರಡು ಬೆರಳು ಹಿಡಿಸಿದರೆ ಸಾಕು. ಹೆಲ್ಮೆಟ್ ಹಿಡಿದು ಎಡಕ್ಕೆ ಬಲಕ್ಕೆ ತಿರುಗಿಸಿ, ಅದರ ಜೊತೆ ಹಣೆಯ ಚರ್ಮವೂ ಎಳೆದುಕೊಂಡು ಬರಬೇಕು. ಕೊನೆಗೆ ಅಂಗಡಿಯವರಿಗೆ, "ಅಣ್ಣಾ, ಹಿಂದಿನಿಂದ ಸ್ವಲ್ಪ ಮೇಲಕ್ಕೆತ್ತಿ ಮುಂದಕ್ಕೆ ತಳ್ಳಿ ನೋಡಿ" ಅಂತ ಹೇಳಿ. ಸ್ಟ್ರಾಪ್ ಹಾಕಿರುವಾಗಲೂ ಅದು ತಲೆಯಿಂದ ಉರುಳಿ ಬಂದರೆ, ಎಷ್ಟೇ ಚೆನ್ನಾಗಿದ್ದರೂ ವಾಪಸ್ ಕೊಡಿ. ಈ ಒಂದು ಪರೀಕ್ಷೆ ಬಿಡಬೇಡಿ ಅಂತ ನಾನು ಒತ್ತಿ ಹೇಳುತ್ತೇನೆ.

ಇನ್ನು ಗಾಳಿ. ಅದು ತಳ್ಳುವ ಬಲ ವೇಗದ ವರ್ಗದಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಗದ್ದವನ್ನೂ ಮುಚ್ಚುವ ಒಂದು ಸಾಧಾರಣ ಫುಲ್ ಫೇಸ್ ಹೆಲ್ಮೆಟ್‌ಗೆ ಒರಟು ಲೆಕ್ಕ ಹಾಕಿದರೆ, ಗಂಟೆಗೆ 40 ಕಿ.ಮೀ.ನಲ್ಲಿ ಗಾಳಿ ತಳ್ಳುವುದು ಹೆಚ್ಚುಕಡಿಮೆ 200 ಗ್ರಾಂ ತೂಕದಷ್ಟು. 80ರಲ್ಲಿ 800 ಗ್ರಾಂ. 120ರಲ್ಲಿ 1.8 ಕೆ.ಜಿ., ಅಂದರೆ ಹೆಲ್ಮೆಟ್‌ನ ತೂಕಕ್ಕಿಂತಲೂ ಜಾಸ್ತಿ. ಊರೊಳಗೇ ಓಡಾಡುವವರು ಏರೋಡೈನಮಿಕ್ ಆಕಾರಕ್ಕೆ ಅಂತ ಹೆಚ್ಚು ದುಡ್ಡು ಕೊಡಬೇಕಾಗಿಲ್ಲ ಅನ್ನುವುದಕ್ಕೆ ಈ ಸಂಖ್ಯೆಗಳೇ ಸಾಕು. ಹಾಸನ, ಚಿತ್ರದುರ್ಗ ಅಂತ ವಾರ ವಾರ ಹೆದ್ದಾರಿಯಲ್ಲಿ ಹೋಗುವವರ ಕತ್ತಿಗೆ ಮಾತ್ರ ಅದು ನಿಜಕ್ಕೂ ಬೇಕು. (ಅಂದಹಾಗೆ, ಎತ್ತರದ ಬೆಂಗಳೂರಿಗಿಂತ ಸಮುದ್ರದ ಪಕ್ಕದ ಮಂಗಳೂರಿನಲ್ಲಿ ಗಾಳಿ ದಟ್ಟ. ಅದೇ ವೇಗದಲ್ಲಿ ಅಲ್ಲಿ ಗಾಳಿ ನೂರಕ್ಕೆ ಹತ್ತರಷ್ಟು ಜಾಸ್ತಿ ತಳ್ಳುತ್ತದೆ.)

ಗಾಳಿಯ ತೊಂದರೆ ಮುಂದಿನಿಂದ ಬರುತ್ತದೆ ಅಂದುಕೊಳ್ಳುತ್ತೇವೆ. ದೊಡ್ಡ ಪಾಲು ಬರುವುದು ಹಿಂದಿನಿಂದ. ಹೆಲ್ಮೆಟ್ ಸುತ್ತಿಕೊಂಡು ಹೋಗುವ ಗಾಳಿ ಹಿಂಭಾಗದಲ್ಲಿ ಮೇಲ್ಮೈ ಬಿಟ್ಟು ಸುಳಿಗಳಾಗುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗಿ ಹೆಲ್ಮೆಟ್ಟನ್ನು ಹಿಂದಕ್ಕೆ ಎಳೆಯುತ್ತದೆ. ಸುಳಿಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಕಳಚಿಕೊಂಡಾಗ ತಲೆ ಅದುರುತ್ತದೆ. ಹಿಂಭಾಗ ಸ್ವಲ್ಪ ಚಾಚಿ ಕಿರಿದಾಗಿದ್ದರೆ ಗಾಳಿ ಶಿಸ್ತಾಗಿ ಬಿಟ್ಟುಕೊಂಡು ಹೋಗುತ್ತದೆ, ಸುಳಿ ಚಿಕ್ಕದಾಗುತ್ತದೆ. ಸ್ಪಾಯ್ಲರ್ ಮಾಡಬೇಕಾದ ಕೆಲಸ ಇದು. ಜೋರು ಗಾಳಿ ಬಿಟ್ಟು ನೋಡುವ ಗಾಳಿ ಸುರಂಗದಲ್ಲಿ ಪರೀಕ್ಷಿಸಿ ಕೂರಿಸಿದ್ದರೆ ಪ್ರಯೋಜನ ಇದೆ, ಚೆಂದಕ್ಕೆ ಅಂಟಿಸಿದ್ದರೆ ಇಲ್ಲ. ಅದು ನಿಮ್ಮ ಕೂರುವ ಭಂಗಿಗೂ ಹೊಂದಬೇಕು. ರೇಸಿಂಗ್ ಶೈಲಿಯ ಹೆಲ್ಮೆಟ್‌ಗಳನ್ನು ಟ್ಯಾಂಕ್ ಮೇಲೆ ಬಾಗಿ ಕೂರುವವರಿಗಾಗಿ ರೂಪಿಸಿರುತ್ತಾರೆ. ಸಾಮಾನ್ಯ ಬೈಕ್‌ನಲ್ಲಿ ನೆಟ್ಟಗೆ ಕೂತಾಗ ಅದೇ ಆಕಾರ ಗಾಳಿಗೆ ಬೇರೆ ಕೋನದಲ್ಲಿ ಸಿಗುತ್ತದೆ, ಹೆಲ್ಮೆಟ್ಟನ್ನು ಮೇಲಕ್ಕೆ ಎತ್ತಲೂಬಹುದು. ಹಣೆಯ ಮೇಲೆ ಉದ್ದಕ್ಕೆ ಚಾಚಿದ ಟೋಪಿಯಂಥ ಅಂಚು ಇರುವ ಆಫ್‌ರೋಡ್ ಮಾಡೆಲ್‌ಗಳು ಈಗ ಹುಡುಗರಿಗೆ ಬಹಳ ಇಷ್ಟ. ಕಾಡು ದಾರಿಗೆ ಅವು ಸರಿ. ಹೆದ್ದಾರಿಯಲ್ಲಿ ಆ ಅಂಚೇ ಸನ್ನೆಕೋಲಾಗಿ ಕತ್ತನ್ನು ಹಿಂದಕ್ಕೆ ಬಾಗಿಸುತ್ತದೆ.

ಇಲ್ಲೂ ಸೈಜ್ ಮಾತೇ ಬರುತ್ತದೆ. ಎಷ್ಟು ನುಣುಪಾದ ಆಕಾರವಾದರೂ ಒಳಗೆ ಸಡಿಲ ಇದ್ದರೆ, ಗಾಳಿ ಅದನ್ನು ತಲೆಯಿಂದ ಬೇರೆಯಾಗಿಯೇ ಅಲ್ಲಾಡಿಸುತ್ತದೆ. ಕನ್ನಡಿ ನೋಡಲು ತಲೆ ತಿರುಗಿಸಿದರೆ ಹೆಲ್ಮೆಟ್ ಹಿಂದೆ ಉಳಿಯುತ್ತದೆ, ಅದರ ಅಂಚು ಕಣ್ಣಿಗೆ ಅಡ್ಡ ಬರುತ್ತದೆ. ಸದ್ದೂ ಹಾಗೆಯೇ. ಅದು ಬಹುಪಾಲು ನುಗ್ಗುವುದು ಗದ್ದ ಮತ್ತು ಕತ್ತಿನ ಸುತ್ತ ತೆರೆದಿರುವ ಕೆಳ ಅಂಚಿನಿಂದ. ಕೆನ್ನೆಯ ಪ್ಯಾಡ್ ಬಿಗಿಯಾಗಿ ಕೂತಿದ್ದರೆ ಆ ಸಂದು ಕಿರಿದಾಗುತ್ತದೆ. ಗಂಟೆಗೆ 100 ಕಿ.ಮೀ. ಆಸುಪಾಸಿನಲ್ಲಿ ಹೆಲ್ಮೆಟ್ ಒಳಗಿನ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು ಅನ್ನುವುದು ಕಿವಿಯ ಸುರಕ್ಷತೆಗೆ ಬಳಸುವ ಒಂದು ಅಳತೆಗೋಲು. ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ದೂರದ ಸವಾರಿಗೆ ಔಷಧಿ ಅಂಗಡಿಯಲ್ಲಿ ಸಿಗುವ ಫೋಮ್ ಇಯರ್‌ಪ್ಲಗ್ ಹಾಕಿಕೊಳ್ಳಿ. ದುಬಾರಿ ಹೆಲ್ಮೆಟ್‌ಗಿಂತ ಅದೇ ಹೆಚ್ಚು ಸದ್ದು ಇಳಿಸುತ್ತದೆ.

ಬೆಲೆಯ ಮಾತಿಗೆ ಬರೋಣ. ರಸ್ತೆ ಬದಿಯಲ್ಲಿ ಇನ್ನೂರು ಮುನ್ನೂರಕ್ಕೆ ಸಿಗುವ, ಒಳಗೆ ಬರೀ ಸ್ಪಂಜು ಇರುವ ಟೋಪಿಯನ್ನು ಹೆಲ್ಮೆಟ್ ಅಂತ ಕರೆಯಲು ನಾನು ಒಪ್ಪುವುದಿಲ್ಲ. ಪೆಟ್ಟು ಬಿದ್ದರೆ ಸ್ಪಂಜು ಸೀದಾ ಮಡಚಿಕೊಳ್ಳುತ್ತದೆ, ಏನನ್ನೂ ನುಂಗುವುದಿಲ್ಲ. 2021ರ ಜೂನ್ 1ರಿಂದ ನಮ್ಮಲ್ಲಿ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತಿಲ್ಲ. ಗುರುತಿನ ಮೇಲೆ ಹೆಲ್ಮೆಟ್ ಮಾನದಂಡದ ಸಂಖ್ಯೆಯಾದ ಐಎಸ್ 4151 ಎಂದೂ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ನಂಬರ್ ಕೂಡ ಇರಬೇಕು. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಅಲ್ವಾ? ಅದಕ್ಕೇ ಆ ನಂಬರನ್ನು, ಐಎಸ್‌ಐ ಗುರುತು ಕೊಡುವ ಬಿಐಎಸ್ ಸಂಸ್ಥೆಯ 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿ ನೋಡಿ. ಯಾವ ಕಂಪನಿಯದ್ದು, ಚಾಲ್ತಿಯಲ್ಲಿದೆಯಾ ಅನ್ನುವುದು ಅಂಗಡಿಯಲ್ಲಿ ನಿಂತೇ ಗೊತ್ತಾಗುತ್ತದೆ.

ಐಎಸ್‌ಐ ಇರುವ ಒಳ್ಳೆಯ ಫುಲ್ ಫೇಸ್ ಹೆಲ್ಮೆಟ್ ಎರಡು ಸಾವಿರ ರೂಪಾಯಿ ಒಳಗೆ ಸಿಗುತ್ತದೆ. ಅಂಥವನ್ನು ಮಾಡುವ ವೇಗಾ ಕಂಪನಿ ನಮ್ಮ ಬೆಳಗಾವಿಯದ್ದೇ. ಇನ್ನೂ ಸ್ವಲ್ಪ ಮೇಲೆ ಹೋದರೆ ಐಎಸ್‌ಐ ಜೊತೆ ಯುರೋಪಿನ ಇಸಿಇ 22.06 ಗುರುತೂ ಇರುವವು ಬರುತ್ತವೆ. ಆ ಮಾನದಂಡದಲ್ಲಿ ತಲೆ ಓರೆಯಾಗಿ ಬಡಿದು ತಿರುಚಿಕೊಳ್ಳುವ ಪೆಟ್ಟಿಗೂ ಪರೀಕ್ಷೆ ಇದೆ, ಹಾಗಾಗಿ ಆ ಹೆಚ್ಚುವರಿ ದುಡ್ಡಿಗೆ ಅರ್ಥ ಇದೆ. ಅದರಾಚೆ ಕೊಡುವ ದುಡ್ಡು ಬಹುಮಟ್ಟಿಗೆ ಹಗುರ ತೂಕಕ್ಕೆ, ಬಿಚ್ಚಿ ತೊಳೆಯುವ ಪ್ಯಾಡಿಗೆ, ಮಂಜು ಹಿಡಿಯದ ಗ್ಲಾಸಿಗೆ ಹೋಗುತ್ತದೆ. ಬ್ರಿಟನ್ ಸರ್ಕಾರ 2007ರಲ್ಲಿ ಶುರು ಮಾಡಿದ 'ಶಾರ್ಪ್' ಯೋಜನೆ ಹೆಲ್ಮೆಟ್‌ಗಳನ್ನು ಪರೀಕ್ಷಿಸಿ ಒಂದರಿಂದ ಐದು ಸ್ಟಾರ್ ಕೊಡುತ್ತದೆ. ಅಲ್ಲಿ ಅಗ್ಗದ ಹೆಲ್ಮೆಟ್‌ಗಳೂ ಐದು ಸ್ಟಾರ್ ಗಳಿಸಿವೆ, ದುಬಾರಿಯವು ಹಿಂದೆ ಬಿದ್ದದ್ದೂ ಇದೆ.

ಹಾಫ್ ಹೆಲ್ಮೆಟ್ ಬೇಡವೇ ಬೇಡ. ಜರ್ಮನಿಯ ಸಂಶೋಧಕ ಡೀಟ್ಮಾರ್ ಒಟ್ಟೆ ಅಪಘಾತಗಳಲ್ಲಿ ಹೆಲ್ಮೆಟ್‌ನ ಯಾವ ಭಾಗಕ್ಕೆ ಪೆಟ್ಟು ಬೀಳುತ್ತದೆ ಅಂತ ಗುರುತು ಹಾಕಿದಾಗ, ಸುಮಾರು ಮೂರನೇ ಒಂದು ಪಾಲು ಗದ್ದದ ಭಾಗದಲ್ಲೇ ಇತ್ತು. ಹಾಫ್ ಹೆಲ್ಮೆಟ್ ಅಲ್ಲಿಗೆ ಮುಟ್ಟುವುದೇ ಇಲ್ಲ.

ಕೊಂಡ ಮೇಲೆ ಅದನ್ನು ಬೈಕಿನ ಕನ್ನಡಿಗೆ ಸಿಕ್ಕಿಸಿ ಇಡಬೇಡಿ, ಕನ್ನಡಿಯ ತುದಿ ಥರ್ಮೋಕೋಲ್‌ನಲ್ಲಿ ಗುಳಿ ಮಾಡುತ್ತದೆ. ಪೆಟ್ರೋಲ್ ಅಥವಾ ಥಿನ್ನರ್‌ನಲ್ಲಿ ಒರೆಸಬೇಡಿ, ಥರ್ಮೋಕೋಲ್ ಅದಕ್ಕೆ ಕರಗುತ್ತದೆ. ಒಮ್ಮೆ ಜೋರಾಗಿ ಬಿದ್ದರೆ ಹೊರಗೆ ಬಿರುಕು ಕಾಣದಿದ್ದರೂ ಬದಲಾಯಿಸಿ, ಒಳಗೆ ಒಮ್ಮೆ ಕುಗ್ಗಿದ ಜಾಗ ಮತ್ತೆ ಕುಗ್ಗುವುದಿಲ್ಲ.

ಮನೆಯಲ್ಲಿರುವ ಎರಡನೇ ಹೆಲ್ಮೆಟ್‌ಗೂ ಇದೆಲ್ಲ ಅನ್ವಯಿಸುತ್ತದೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಹೆಲ್ಮೆಟ್ ಹಾಕದೆ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ. ಆದರೂ ಎಷ್ಟೋ ಮನೆಗಳಲ್ಲಿ ಅದು ಹಳೆಯದ್ದು, ಬೇರೆಯವರ ಸೈಜ್‌ನದ್ದು, ದಂಡ ತಪ್ಪಿಸಲು ಇಟ್ಟಿದ್ದು. ನಿಮ್ಮ ಹೆಲ್ಮೆಟ್ ಕೊಳ್ಳಲು ಹೋಗುವ ದಿನ ಹೆಂಡತಿಯನ್ನೋ ತಮ್ಮನನ್ನೋ ಅಮ್ಮನನ್ನೋ ಅಂಗಡಿಗೆ ಕರೆದುಕೊಂಡೇ ಹೋಗಿ. ಅವರ ತಲೆಯನ್ನೂ ಅಳೆಯಿಸಿ, ಅವರೂ ಕಾಲು ಗಂಟೆ ಹಾಕಿಕೊಂಡು ನೋಡಲಿ.